ಮದರ್‌ಬೋರ್ಡ್ ಹೊಸದು, ಕಾಯಿಲೆ ಹಳೆಯದು: ಗುತ್ತಲಿನ ಒಂದು ಕಂಪ್ಯೂಟರಿನ ಚರಿತ್ರೆ

ಮಂಡ್ಯ ಪೇಟೆಗೆ ಅಂಟಿಕೊಂಡೇ ಬೆಳೆದ ಗುತ್ತಲಿನಲ್ಲಿ ನಮ್ಮ ಪರಿಚಯದವರೊಬ್ಬರ ಆನ್‌ಲೈನ್ ಸೆಂಟರ್ ಇದೆ. ಒಂದು ಶಟರಿನ ಅಂಗಡಿ. ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಗೋಡೆಗೆ ಒರಗಿಸಿದ ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಮಕ್ಕಳ ಸ್ಕಾಲರ್‌ಶಿಪ್ ಎಲ್ಲಕ್ಕೂ ಅದೊಂದೇ ಯಂತ್ರ.

ಕಳೆದ ಮಳೆಗಾಲದಲ್ಲಿ ಅದರ ಮದರ್‌ಬೋರ್ಡ್ ಹೋಯಿತು. ಮೂರು ದಿನ ಅಂಗಡಿ ಬಾಗಿಲು ತೆರೆಯಲಿಲ್ಲ. ಮೆಕ್ಯಾನಿಕ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬೇರೆ ಬೋರ್ಡ್ ತರಿಸಿ ಹಾಕಿ, ಆನ್ ಮಾಡಿ ತೋರಿಸಿ, ದುಡ್ಡು ಇಸಕೊಂಡು ಹೋದ. ಮಾರನೇ ದಿನದಿಂದ ಶುರುವಾಯಿತು ನೋಡಿ. ಒಂದು ಸಲ ನೀಲಿ ಪರದೆ ಬಂದು ನಿಲ್ಲುವುದು, ಇನ್ನೊಂದು ಸಲ ಏನೂ ಹೇಳದೆ ಕಣ್ಣು ಮುಚ್ಚಿ ರೀಸ್ಟಾರ್ಟ್ ಆಗುವುದು. ದಿನಕ್ಕೆ ನಾಲ್ಕೈದು ಸಲ.

ಅರ್ಜಿಯ ಹಣ ಖಾತೆಯಿಂದ ಕಟ್ ಆಗಿರುತ್ತಿತ್ತು, ರಸೀದಿ ಬರುವ ಮೊದಲೇ ಯಂತ್ರ ಆರಿಹೋಗಿರುತ್ತಿತ್ತು. ಆ ಹಣ ತಿರುಗಿ ಬರಲು ವಾರಗಟ್ಟಲೆ ಕಾಯಬೇಕು. ಮಾಲೀಕರು ಅದನ್ನು ಅಲ್ಲಿ ಕೆಲಸ ಮಾಡುವ ಹುಡುಗಿಯ ಸಂಬಳದಲ್ಲಿ ಹಿಡಿಯತೊಡಗಿದರು. "ಇವಳೇ ಏನೋ ಒತ್ತುತಾಳೆ, ಅದುಕ್ಕೇ ಹಿಂಗಾಯ್ತದೆ" ಎಂಬುದು ಅವರ ತೀರ್ಮಾನ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ "ಬೋರ್ಡ್ ಚೆನ್ನಾಗೈತೆ ಸಾ" ಎನ್ನುತ್ತಿದ್ದ. ಸೊಸೈಟಿ ಸಾಲದ ನವೀಕರಣಕ್ಕೆ ಪಹಣಿ ಬೇಕಾಗಿದ್ದ ಒಬ್ಬ ಯಜಮಾನರು ಎರಡು ದಿನ ಸತತವಾಗಿ ಬಂದು "ಏನವ್ವ, ಇವತ್ತಾದ್ರೂ ಆಯ್ತದಾ?" ಎಂದು ಕೇಳಿ ಕೂತಿದ್ದನ್ನು ನಾವೇ ನೋಡಿದೆವು.

ನಾವು ಪತ್ರಿಕೋದ್ಯಮ ಡಿಪ್ಲೊಮಾದವರು, ಕಂಪ್ಯೂಟರ್ ರಿಪೇರಿಯವರಲ್ಲ. ಆದರೆ ಯಾರು ತಪ್ಪು ಮಾಡಿದರು ಎಂದು ಜಗಳ ನಡೆಯುವಲ್ಲಿ ನಿಂತು ಕೇಳುವುದು ನಮ್ಮ ಕೆಲಸವೇ ಅಲ್ಲವೆ. ಕೇಳುತ್ತಾ ಹೋದಂತೆ ಈ ಕಾಯಿಲೆಗೆ ನಲವತ್ತು ವರ್ಷಕ್ಕೂ ಹಳೆಯ ಚರಿತ್ರೆ ಇದೆ ಎಂದು ಗೊತ್ತಾಯಿತು. ನಿಮ್ಮೂರಿನ ಸೆಂಟರಿನಲ್ಲೂ ಇದೇ ಆಗುತ್ತಿರಬಹುದು, ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ಮದರ್‌ಬೋರ್ಡ್ ಅಂದರೇನು ಎಂದು ಒಂದು ಮಾತು. ಡಬ್ಬದೊಳಗಿನ ದೊಡ್ಡ ಹಸಿರೋ ಕಪ್ಪೋ ಬಣ್ಣದ ಹಲಗೆ ಅದು. ಲೆಕ್ಕ ಮಾಡುವ ಪ್ರೊಸೆಸರ್, ಸದ್ಯದ ನೆನಪಾದ ರ್‍ಯಾಮ್, ಶಾಶ್ವತ ನೆನಪಾದ ಹಾರ್ಡ್‌ಡಿಸ್ಕ್, ಕರೆಂಟ್ ಕೊಡುವ ಎಸ್‌ಎಂಪಿಎಸ್ ಎಲ್ಲವೂ ಅದಕ್ಕೇ ಬಂದು ಸೇರಬೇಕು. ತೊಟ್ಟಿಮನೆಯಲ್ಲಿ ಎಲ್ಲ ಕೋಣೆಯ ಬಾಗಿಲೂ ತೊಟ್ಟಿಗೆ ತೆರೆಯುತ್ತಲ್ಲ, ಹಾಗೆ.

1975ರಲ್ಲಿ ಅಮೆರಿಕದಲ್ಲಿ ಬಂದ ಆಲ್ಟೇರ್ 8800 ಎಂಬ ಯಂತ್ರದಲ್ಲಿ ಹೀಗಿರಲಿಲ್ಲ. ಪ್ರೊಸೆಸರಿಗೆ ಒಂದು ಹಲಗೆ, ನೆನಪಿಗೆ ಇನ್ನೊಂದು, ಎಲ್ಲವನ್ನೂ ಸಾಲಾಗಿ ಒಂದು ಪಟ್ಟಿಗೆ ಸಿಕ್ಕಿಸುತ್ತಿದ್ದರು. ಹಲಗೆ ಕೆಟ್ಟರೆ ಆ ಹಲಗೆಯನ್ನಷ್ಟೇ ಕಿತ್ತು ಬೇರೆ ಹಾಕಿದರೆ ಮುಗಿಯಿತು. 1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಪಿಸಿಯನ್ನು ಹೊರತಂದಾಗ ಪ್ರೊಸೆಸರ್, ನೆನಪು, ಕೀಬೋರ್ಡಿನ ಕೊಂಡಿ, ಹೆಚ್ಚುವರಿ ಕಾರ್ಡ್ ಸಿಕ್ಕಿಸಲು ಐದು ಸ್ಲಾಟ್, ಇಷ್ಟೂ ಒಂದೇ ಹಲಗೆಯ ಮೇಲೆ ಬಂದವು. ಅದರ ಒಳಗುಟ್ಟನ್ನು ಐಬಿಎಂ ಹೆಚ್ಚು ಮುಚ್ಚಿಡಲಿಲ್ಲ. ಹೀಗಾಗಿ ಬೇರೆ ಕಂಪನಿಗಳು ಅದೇ ಅಳತೆಯ, ಅದೇ ನಡತೆಯ ಯಂತ್ರಗಳನ್ನು ಮಾಡತೊಡಗಿದವು. ಒಬ್ಬರ ಡಬ್ಬಕ್ಕೆ ಇನ್ನೊಬ್ಬರ ಬೋರ್ಡ್ ಕೂರುವಂತಾಯಿತು. ಇವತ್ತು ಎಸ್.ಪಿ. ರಸ್ತೆಯಲ್ಲಿ ಬೋರ್ಡನ್ನು ಬಿಡಿಯಾಗಿ ಕೊಂಡು ತರಬಹುದಾಗಿರುವುದು ಆ ಒಂದು ನಡೆಯಿಂದ.

ಬೋರ್ಡ್ ಬದಲಾಯಿಸಿದ ಮೇಲೆ ಬರುವ ತೊಂದರೆಯೂ ಅಲ್ಲಿಂದಲೇ ಶುರು. ಬೇರೆ ಬೇರೆ ಕಂಪನಿಯ, ಬೇರೆ ಬೇರೆ ಕಾಲದ ಭಾಗಗಳು ಒಂದೇ ಡಬ್ಬದಲ್ಲಿ ಸಂಸಾರ ಮಾಡಬೇಕಾಯಿತು.

ನಮ್ಮ ದೇಶದಲ್ಲಿ 1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಆಮದು ಸುಂಕ ಇಳಿಸಿತು. ಆಮೇಲೆ ಬಿಡಿಭಾಗ ತರಿಸಿ ಇಲ್ಲೇ ಜೋಡಿಸುವ ಕಸುಬು ಬೆಳೆಯಿತು. 'ಅಸೆಂಬಲ್ಡ್ ಪಿಸಿ' ಎಂಬ ಮಾತು ನಮ್ಮ ಊರುಗಳವರೆಗೆ ಬಂದದ್ದು ಹಾಗೆ. ಆ ಕಾಲದಲ್ಲಿ ಬೋರ್ಡಿಗೆ ಕರೆಂಟ್ ಕೊಡಲು ಎರಡು ತುಂಡಾಗಿ ಬರುತ್ತಿದ್ದ ಪ್ಲಗ್ ಇತ್ತು. ಎರಡನ್ನೂ ಅಕ್ಕಪಕ್ಕ ಸಿಕ್ಕಿಸಬೇಕು. ಅದಲುಬದಲಾದರೆ ಬೋರ್ಡ್ ಸುಟ್ಟುಹೋಗುವುದು. ಕಪ್ಪು ವೈರು ಕಪ್ಪಿನ ಪಕ್ಕವೇ ಬರಬೇಕು ಎಂಬುದು ಮೆಕ್ಯಾನಿಕ್‌ಗಳು ಬಾಯಿಪಾಠ ಮಾಡಿಕೊಂಡಿದ್ದ ನಿಯಮ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಹೊಸ ಅಳತೆ ತಂದು, ಒಂದೇ ಕಡೆಯಿಂದ ಮಾತ್ರ ಕೂರುವ ಪ್ಲಗ್ ಮಾಡಿದ ಮೇಲೆ ಆ ಅನಾಹುತ ತಪ್ಪಿತು.

ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. 2000ದವರೆಗೆ ಬೋರ್ಡುಗಳು ಹೆಚ್ಚಾಗಿ 5 ವೋಲ್ಟ್ ಮತ್ತು 3.3 ವೋಲ್ಟ್ ತಂತಿಯಿಂದ ಕರೆಂಟ್ ಎಳೆಯುತ್ತಿದ್ದವು. ಆ ವರ್ಷ ಪೆಂಟಿಯಂ 4 ಬಂತು. ಅದರ ಹಸಿವು ಜಾಸ್ತಿ. ಅದಕ್ಕಾಗಿ 12 ವೋಲ್ಟಿನ ಬೇರೆಯೇ ನಾಲ್ಕು ಪಿನ್ನಿನ ಪ್ಲಗ್ ಬಂತು. ಅಲ್ಲಿಂದ ಮುಂದೆ ಬರಬರುತ್ತಾ ಬೋರ್ಡುಗಳಿಗೆ 12 ವೋಲ್ಟಿನ ತಂತಿಯೇ ಮುಖ್ಯವಾಯಿತು. ಹಳೇ ಎಸ್‌ಎಂಪಿಎಸ್‌ಗೆ ಹೊಸ ಬೋರ್ಡ್ ಸಿಕ್ಕಿಸಿದರೆ ಯಂತ್ರ ಆನ್ ಆಗುತ್ತದೆ, ಡೆಸ್ಕ್‌ಟಾಪ್ ಬರುತ್ತದೆ, ಮೆಕ್ಯಾನಿಕ್ ಹೋಗುತ್ತಾನೆ. ಭಾರದ ಕೆಲಸ ಬಿದ್ದಾಗ ಮಾತ್ರ ಕುಸಿಯುತ್ತದೆ. ಮುದಿ ಎತ್ತು ಖಾಲಿ ಗಾಡಿ ಎಳೆಯಬಹುದು, ಕಬ್ಬಿನ ಗಾಡಿಯನ್ನೂ ಎಳೆಯುತ್ತದೆ ಎನ್ನಲಾಗದು.

ಇನ್ನು ಬೋರ್ಡ್ ಸಾಯುವುದಾದರೂ ಯಾಕೆ? ಗುತ್ತಲಿನ ಮೆಕ್ಯಾನಿಕ್ ನಮಗೆ ಸತ್ತ ಬೋರ್ಡನ್ನು ತೋರಿಸಿದ. ಪ್ರೊಸೆಸರಿನ ಪಕ್ಕ ಸಣ್ಣ ಸಣ್ಣ ಡಬ್ಬಿಗಳ ಸಾಲು. ಎರಡರ ತಲೆ ಉಬ್ಬಿ, ಒಂದರಿಂದ ಕಂದು ಬಣ್ಣದ ಅಂಟು ಇಳಿದಿತ್ತು. ಅವು ಕೆಪಾಸಿಟರ್. ಕರೆಂಟಿನ ಏರಿಳಿತವನ್ನು ಹಿಡಿದಿಟ್ಟು ಪ್ರೊಸೆಸರಿಗೆ ಸಮನಾಗಿ ಬಿಡುವುದು ಅವುಗಳ ಕೆಲಸ. ಒಳಗೆ ದ್ರವ ಇರುತ್ತದೆ. ಶಾಖ ಹೆಚ್ಚಾದಷ್ಟೂ ಅದು ಬೇಗ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ತಗಡಿನ ಶೀಟಿನ ಕೆಳಗಿನ ಅಂಗಡಿಯಲ್ಲಿ, ಫ್ಯಾನಿನ ತುಂಬಾ ಧೂಳು ಕಟ್ಟಿಕೊಂಡ ಡಬ್ಬದಲ್ಲಿ ಒಂಬತ್ತು ವರ್ಷ ಬಾಳಿದ್ದೇ ಹೆಚ್ಚು ಎಂದ ಆತ.

ಇದೇ ಕೆಪಾಸಿಟರಿನಿಂದ ಪ್ರಪಂಚದಲ್ಲೇ ದೊಡ್ಡ ರಂಪ ಆದದ್ದುಂಟು. 1999ರಿಂದ ಸುಮಾರು 2007ರವರೆಗೆ ತಯಾರಾದ ಲಕ್ಷಾಂತರ ಬೋರ್ಡುಗಳಲ್ಲಿ ಇವು ಅಕಾಲದಲ್ಲಿ ಉಬ್ಬಿ ಒಡೆದವು. ಯಾರೋ ಆ ದ್ರವದ ಸೂತ್ರವನ್ನು ಅರ್ಧಂಬರ್ಧ ಕದ್ದು ತೈವಾನಿನಲ್ಲಿ ಮಾಡಿದರು ಎಂಬ ಕಥೆ ಹಬ್ಬಿತ್ತು. ಆ ಕಥೆಗೆ ಪೂರ್ತಿ ಸಾಕ್ಷಿ ಸಿಗಲಿಲ್ಲ. ಡೆಲ್ ಕಂಪನಿ 2005ರಲ್ಲಿ ತನ್ನ ಆಪ್ಟಿಪ್ಲೆಕ್ಸ್ ಕಂಪ್ಯೂಟರುಗಳ ರಿಪೇರಿಗೆಂದು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ನಮ್ಮ ವಿಷಯಕ್ಕೆ ಬೇಕಾದದ್ದು ಅದರ ಮುಂದಿನ ಭಾಗ. 2010ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಡೆಲ್ ಮೇಲೆ ಗ್ರಾಹಕ ಕಂಪನಿಯೊಂದು ಹೂಡಿದ್ದ ಮೊಕದ್ದಮೆಯ ಕಾಗದಪತ್ರ ನೋಡಿ ದೊಡ್ಡ ವರದಿ ಬರೆಯಿತು. 2003ರ ಮೇ ತಿಂಗಳಿನಿಂದ 2005ರ ಜುಲೈವರೆಗೆ ಹೋದ 1 ಕೋಟಿ 18 ಲಕ್ಷ ಕಂಪ್ಯೂಟರುಗಳು ಕೆಡುವ ಅಪಾಯದಲ್ಲಿದ್ದವು ಎಂದು ಅದರಲ್ಲಿತ್ತು. ಕೆಟ್ಟ ಬೋರ್ಡ್ ಕಿತ್ತು ಹಾಕಿದ ಬೋರ್ಡಿನಲ್ಲೂ ಕೆಲವು ಕಡೆ ಅದೇ ಕೆಟ್ಟ ಕೆಪಾಸಿಟರ್ ಇದ್ದವು. ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತ ವಿಭಾಗದವರು ದೂರು ಕೊಟ್ಟಾಗ, ನೀವು ಕಷ್ಟದ ಲೆಕ್ಕ ಮಾಡಿಸಿ ಯಂತ್ರಕ್ಕೆ ಭಾರ ಹೊರಿಸಿದಿರಿ ಎಂಬಂಥ ಉತ್ತರ ಬಂದಿತ್ತಂತೆ.

ಇದನ್ನು ನಾವು ಗುತ್ತಲಿನ ಹುಡುಗಿಗೆ ಹೇಳಿದೆವು. "ಅಲ್ಲೂ ಒತ್ತಿದೋರದ್ದೇ ತಪ್ಪಾ?" ಎಂದು ನಕ್ಕಳು. ಆವತ್ತಿಗೆ ಅವಳ ಸಂಬಳದಲ್ಲಿ ಎರಡು ಅರ್ಜಿಯ ಹಣ ಹಿಡಿದಾಗಿತ್ತು.

ಭಾಗಗಳ ಕಥೆ ಇಷ್ಟಾದರೆ, ಯಂತ್ರದ ನೆನಪಿನ ಕಥೆ ಇನ್ನೊಂದು. ವಿಂಡೋಸ್ ಒಂದು ಬೋರ್ಡಿನ ಮೇಲೆ ಇನ್‌ಸ್ಟಾಲ್ ಆದಾಗ ಆ ಬೋರ್ಡಿನ ಜೊತೆ ಮಾತಾಡುವ ಡ್ರೈವರುಗಳನ್ನು ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಂಡಿರುತ್ತದೆ. ಬೋರ್ಡ್ ಬದಲಾದರೂ ಹಾರ್ಡ್‌ಡಿಸ್ಕ್ ಹಳೆಯದೇ. ಸೊಸೆ ಬದಲಾದರೂ ಅತ್ತೆ ಹಳೇ ಹೆಸರಿನಿಂದಲೇ ಕೂಗಿದಂತೆ ಇದು. ವಿಂಡೋಸ್ 2000, ಎಕ್ಸ್‌ಪಿ ಕಾಲದಲ್ಲಿ ಇದು ಬಹಳ ಕಾಡುತ್ತಿತ್ತು. ಬೋರ್ಡ್ ಬದಲಾಯಿಸಿ ಆನ್ ಮಾಡಿದರೆ ನೀಲಿ ಪರದೆ, ಕೆಳಗೆ 7ಬಿ ಎಂದು ಕೊನೆಯಾಗುವ ಒಂದು ಉದ್ದನೆಯ ಸಂಖ್ಯೆ. ಡಿಸ್ಕ್ ಎಲ್ಲಿದೆ ಎಂದೇ ಸಿಗುತ್ತಿಲ್ಲ ಎಂಬುದು ಅದರ ಅರ್ಥ. ಈಚಿನ ವಿಂಡೋಸ್ ಹೊಸ ಬೋರ್ಡಿಗೆ ಎಷ್ಟೋ ಹೊಂದಿಕೊಳ್ಳುತ್ತದೆ. ಆದರೂ ಬಯೋಸಿನಲ್ಲಿ ಡಿಸ್ಕಿನ ವಿಧಾನ ಹಳೇ ಬೋರ್ಡಿನಲ್ಲಿ ಐಡಿಇ ಎಂದಿದ್ದು ಹೊಸದರಲ್ಲಿ ಎಎಚ್‌ಸಿಐ ಎಂದಿದ್ದರೆ ಇದೇ ನೀಲಿ ಪರದೆ ಬರಬಹುದು. ಅದನ್ನು ಮೊದಲಿನಂತೆ ಬದಲಿಸಿ ನೋಡುವುದು ಎರಡು ನಿಮಿಷದ ಕೆಲಸ.

ಲೈಸೆನ್ಸಿನ ಗೋಳೂ ಇದೆ. 2001ರ ಅಕ್ಟೋಬರಿನಲ್ಲಿ ಎಕ್ಸ್‌ಪಿ ಬಂದಾಗಿನಿಂದ ಮೈಕ್ರೋಸಾಫ್ಟ್ ಯಂತ್ರದ ಭಾಗಗಳ ಗುರುತು ಹಿಡಿದಿಟ್ಟುಕೊಂಡು, ಅವು ಬಹಳ ಬದಲಾದರೆ ಮತ್ತೆ ಆಕ್ಟಿವೇಟ್ ಮಾಡಿ ಎನ್ನುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಆದರೆ ಅದು ಬೋರ್ಡಿಗೇ ಕಟ್ಟಿಕೊಂಡಿರುತ್ತದೆ. 2016ರ ಆಗಸ್ಟಿನ ನಂತರದ ವಿಂಡೋಸ್ 10ರಲ್ಲಿ, ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಟ್ಟಿದ್ದರೆ, ಅಂಗಡಿಯಲ್ಲಿ ಕೊಂಡ ಲೈಸೆನ್ಸನ್ನು ಹೊಸ ಬೋರ್ಡಿಗೆ ಸಾಗಿಸಬಹುದು. ಈಗಿನ ಲ್ಯಾಪ್‌ಟಾಪಿನವರಿಗೆ ಇನ್ನೊಂದು ಮಾತು: ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಅದರ ಬೀಗದ ಕೈ ಬೋರ್ಡಿನ ಚಿಪ್ಪಿನಲ್ಲಿರುತ್ತದೆ. ಬೋರ್ಡ್ ತೆಗೆಸುವ ಮುಂಚೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳದಿದ್ದರೆ ಫೋಟೊ, ಕಾಗದ ಎಲ್ಲ ಒಳಗೇ ಉಳಿಯುತ್ತದೆ.

ಇಷ್ಟೆಲ್ಲ ರಗಳೆ ಯಾಕೆ ಎಂದು ಬಹಳ ಮೆಕ್ಯಾನಿಕ್‌ಗಳು ಹೇಳುವ ಮದ್ದು ಒಂದೇ: ಫಾರ್ಮ್ಯಾಟ್. ನಮ್ಮ ಜಿಲ್ಲೆಯಲ್ಲಿ ಈ ಮದ್ದಿನಿಂದ ಎಷ್ಟು ಕಚೇರಿ, ಎಷ್ಟು ಸಂಘಗಳ ಹಳೇ ಪತ್ರಗಳು ಹಾಳಾದವೋ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರ ಬರಹ, ಇವುಗಳ ಹಳೇ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತಗಳು ಆ ಫಾಂಟ್ ಇದ್ದರೆ ಮಾತ್ರ ಕನ್ನಡ. ಇಲ್ಲವಾದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫಾರ್ಮ್ಯಾಟ್ ಆದ ಮೇಲೆ ಕಡತ ತೆರೆದು, 'ವೈರಸ್ ಬಂದಿದೆ' ಎಂದು ಅಳಿಸಿಹಾಕಿದ ಒಬ್ಬ ಕಾರ್ಯದರ್ಶಿ ನಮಗೆ ಗೊತ್ತು. ಇಪ್ಪತ್ತು ವರ್ಷದ ಸಭಾ ನಡಾವಳಿ ಅದು. ಫಾಂಟ್ ಒಂದನ್ನು ಹಾಕಿದ್ದರೆ ಎಲ್ಲ ಓದಬಹುದಿತ್ತು. ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ದಿನವೇ ಫಾರ್ಮ್ಯಾಟ್ ಎನ್ನುವ ಮೆಕ್ಯಾನಿಕ್ ಜ್ವರಕ್ಕೆ ಆಪರೇಷನ್ ಹೇಳುವ ಡಾಕ್ಟರಿದ್ದಂತೆ.

ಇಂಥ ಒಂದು ಯಂತ್ರ ನಿಂತರೆ ಊರಿನ ಕೆಲಸವೇ ಯಾಕೆ ನಿಲ್ಲುತ್ತದೆ ಎಂಬುದಕ್ಕೂ ಒಂದು ಇತಿಹಾಸ ಇದೆ. ಇಪ್ಪತ್ತೈದು ವರ್ಷದ ಹಿಂದೆ ಪಹಣಿ ಎಂದರೆ ಗ್ರಾಮಲೆಕ್ಕಿಗರ ಕೈಬರಹ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2001ರ ಹೊತ್ತಿಗೆ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ. ಕೈಬರಹದ ಪಹಣಿಗೆ ಬೆಲೆ ಹೋಯಿತು. ಲಂಚ, ಅಲೆದಾಟ ಎಷ್ಟೋ ಕಡಿಮೆಯಾದದ್ದು ನಿಜ. ಜೊತೆಗೆ, ಯಂತ್ರ ನಿಂತರೆ ಬೇರೆ ದಾರಿಯಿಲ್ಲ ಎಂಬುದೂ ಅಲ್ಲಿಂದಲೇ ಬಂತು. ಲೆಕ್ಕಿಗರು ರಜೆ ಹಾಕಿದರೆ ಅವರ ಮನೆ ಬಾಗಿಲಿಗೆ ಹೋಗುತ್ತಿದ್ದೆವು. ಕಂಪ್ಯೂಟರಿನ ಮನೆ ಬಾಗಿಲು ಯಾವುದು?

ಈಗ ಮತ್ತೆ ಗುತ್ತಲಿಗೆ ಬರೋಣ.

ಆ ಹುಡುಗಿ ಒಂದು ಕೆಲಸ ಮಾಡಿದ್ದಳು. ಸಂಬಳದಲ್ಲಿ ಮೊದಲ ಸಲ ಹಣ ಹಿಡಿದ ದಿನದಿಂದ, ಯಂತ್ರ ಆರಿದಾಗೆಲ್ಲ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ದಿನ, ಗಂಟೆ, ಏನು ಮಾಡುತ್ತಿದ್ದೆ, ನೀಲಿ ಪರದೆ ಬಂತೋ ಸುಮ್ಮನೆ ಆರಿತೋ, ಇಷ್ಟು. ತನ್ನ ತಪ್ಪಿಲ್ಲ ಎಂದು ತೋರಿಸಲಿಕ್ಕೆ ಬರೆದದ್ದು.

ಕಂಪ್ಯೂಟರ್ ಇತಿಹಾಸ ಓದಿದವರಿಗೆ ಇದು ಹೊಸದಲ್ಲ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಎಂಬ ಕೋಣೆಯಗಲದ ಯಂತ್ರ ಕೈಕೊಟ್ಟಾಗ, ಅದನ್ನು ನಡೆಸುತ್ತಿದ್ದವರು ಒಳಗೆ ಸಿಕ್ಕಿಕೊಂಡಿದ್ದ ಪತಂಗವೊಂದನ್ನು ತೆಗೆದು, ಗಂಟೆ ಬರೆದು, ಆ ಹುಳವನ್ನೇ ದಿನಚರಿಯ ಪುಟಕ್ಕೆ ಅಂಟಿಸಿದರು. ಆ ಪುಟ ಇವತ್ತಿಗೂ ಅಮೆರಿಕದ ವಸ್ತುಸಂಗ್ರಹಾಲಯದಲ್ಲಿದೆ. ಯಂತ್ರ ಕೆಟ್ಟಾಗ ಬರೆದಿಡುವ ಪದ್ಧತಿ ಅಷ್ಟು ಹಳೆಯದು. ನಮ್ಮ ಊರುಗಳಿಗೆ ಕಂಪ್ಯೂಟರ್ ಬಂತು, ಅದರ ದಿನಚರಿ ಪುಸ್ತಕ ಬರಲಿಲ್ಲ.

ನೋಟ್‌ಬುಕ್ ಹಿಡಿದು ಮೆಕ್ಯಾನಿಕ್ ಜೊತೆ ಕೂತೆವು. ನೀಲಿ ಪರದೆ ಬಂದದ್ದೆಲ್ಲ ಮೊದಲ ಎರಡು ದಿನ. ಮೂರನೇ ದಿನ ಆತ ಬಂದು ರ್‍ಯಾಮ್ ತೆಗೆದು, ಶಾಲೆ ಮಕ್ಕಳ ರಬ್ಬರಿನಿಂದ ಅದರ ಚಿನ್ನದ ಹಲ್ಲುಗಳನ್ನು ಉಜ್ಜಿ, ಬೇರೆ ಸ್ಲಾಟಿಗೆ ಹಾಕಿ, ಹೊಸ ಬೋರ್ಡಿನ ಡ್ರೈವರುಗಳನ್ನು ಅದರ ಕಂಪನಿಯ ತಾಣದಿಂದಲೇ ಇಳಿಸಿ ಹಾಕಿದ್ದ. ರಾತ್ರಿಯಿಡೀ ಮೆಮ್‌ಟೆಸ್ಟ್ 86 ಓಡಿಸಿಟ್ಟು ಹೋಗಿದ್ದ. ರ್‍ಯಾಮಿನ ಒಂದೊಂದು ಮನೆಯನ್ನೂ ತಟ್ಟಿ ನೋಡುವ ಈ ಪುಟ್ಟ ಸಾಫ್ಟ್‌ವೇರನ್ನು ಕ್ರಿಸ್ ಬ್ರೇಡಿ ಎಂಬವರು 1994ರಲ್ಲಿ ಬರೆದದ್ದು. ಇವತ್ತಿಗೂ ಪುಕ್ಕಟೆ ಸಿಗುತ್ತದೆ. ಒಂದೂ ತಪ್ಪು ಬರಲಿಲ್ಲ. ಅಲ್ಲಿಂದ ನೀಲಿ ಪರದೆ ನಿಂತಿತ್ತು. ಮಾಲೀಕರಿಗೆ ಮಾತ್ರ ಎಲ್ಲವೂ ಒಂದೇ ಕಾಯಿಲೆ.

ನಾಲ್ಕನೇ ದಿನದ ಸಾಲಿನಲ್ಲಿ 'ವೆಬ್‌ಸೈಟ್ ಯಾವುದೂ ತೆಗೆಯಲ್ಲ' ಎಂದಿತ್ತು. ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ, ಸಿಆರ್2032 ಅಂತ. ಅದು ಖಾಲಿಯಾಗಿ, ಕರೆಂಟ್ ಹೋದಾಗೆಲ್ಲ ಯಂತ್ರದ ತಾರೀಖು ಹಿಂದಕ್ಕೆ ಹೋಗುತ್ತಿತ್ತು. ತಾರೀಖು ತಪ್ಪಾದರೆ ಸರ್ಕಾರಿ ತಾಣವಾಗಲಿ ಬ್ಯಾಂಕಾಗಲಿ 'ಸುರಕ್ಷಿತವಲ್ಲ' ಎಂದು ಬಾಗಿಲು ಹಾಕುತ್ತದೆ. ವಾಚ್ ಅಂಗಡಿಯಲ್ಲಿ ಸಿಗುವ ಸೆಲ್‌ನಿಂದ ಅದು ಸರಿಹೋಯಿತು.

ಉಳಿದದ್ದು ಸುಮ್ಮನೆ ಆರಿಹೋಗುವ ಕಾಯಿಲೆ. ಏನೂ ಹೇಳದೆ ಆರಿದರೆ ಮೊದಲು ಕರೆಂಟಿನ ದಾರಿಯನ್ನೇ ಅನುಮಾನಿಸಬೇಕು ಎಂದ ಮೆಕ್ಯಾನಿಕ್. ವಿಂಡೋಸಿನ ಇವೆಂಟ್ ವ್ಯೂವರ್ ತೆರೆದು ತೋರಿಸಿದ. ಅಲ್ಲಿ ಕರ್ನಲ್-ಪವರ್ 41 ಎಂಬ ಸಾಲು ಮತ್ತೆ ಮತ್ತೆ. ಸರಿಯಾಗಿ ಮುಚ್ಚದೆ ಯಂತ್ರ ನಿಂತಿತು ಎಂದಷ್ಟೇ ಅದು ಹೇಳುತ್ತದೆ. ಗಂಟೆಗಳು ಮಾತ್ರ ನೋಟ್‌ಬುಕ್ಕಿಗೆ ತಾಳೆಯಾದವು. ಬೋರ್ಡಿನ ಅಡಿ ಹೆಚ್ಚಿನ ಹಿತ್ತಾಳೆ ಕಾಲು ಏನಾದರೂ ತಾಗಿ ಶಾರ್ಟ್ ಆಗುತ್ತಿದೆಯೇ ನೋಡಿದ. ಇಲ್ಲ. ಪ್ರೊಸೆಸರಿನ ಮೇಲಿನ ಪೇಸ್ಟ್ ಹೊಸದೇ, ಶಾಖವೂ ಸರಿಯಿತ್ತು. ಆಮೇಲೆ ತನ್ನಲ್ಲಿದ್ದ ಒಂದು ಎಸ್‌ಎಂಪಿಎಸ್ ತಂದು ಹಾಕಿದ. ಹಳೆಯದು ಹಳೇ ಬೋರ್ಡಿನಷ್ಟೇ ವಯಸ್ಸಿನದು, ಅದರೊಳಗೂ ಕೆಪಾಸಿಟರ್ ಇರುತ್ತವಲ್ಲ. ದಿನಕ್ಕೆ ನಾಲ್ಕೈದು ಸಲ ಆರುತ್ತಿದ್ದದ್ದು ಒಂದೆರಡಕ್ಕೆ ಇಳಿಯಿತು. ಆದರೆ ನಿಲ್ಲಲಿಲ್ಲ.

ಮತ್ತೆ ನೋಟ್‌ಬುಕ್. ಸಾಲುಗಳನ್ನು ಒಂದರ ಕೆಳಗೊಂದು ಓದಿದಾಗ ಎರಡು ಸಂಗತಿ ಕಂಡವು. ಬಹುಪಾಲು ಸಂಜೆ ಐದೂವರೆಯಿಂದ ಏಳರ ಒಳಗೆ. 'ಏನು ಮಾಡುತ್ತಿದ್ದೆ' ಎಂಬ ಕಡೆ ಹೆಚ್ಚಾಗಿ 'ಪ್ರಿಂಟ್ ಕೊಟ್ಟೆ'. ಅದೂ ಸ್ವಲ್ಪ ಹೊತ್ತು ಬಿಟ್ಟು ಕೊಟ್ಟ ಮೊದಲ ಪ್ರಿಂಟ್.

ಮೆಕ್ಯಾನಿಕ್ ಮೇಜಿನ ಕೆಳಗೆ ಬಗ್ಗಿ ನೋಡಿದ. ಬೋರ್ಡ್ ಹಾಕಿದ ದಿನ ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸುವಾಗ, ಮೊದಲು ಗೋಡೆಯ ಸಾಕೆಟಿನಲ್ಲಿದ್ದ ಲೇಸರ್ ಪ್ರಿಂಟರಿನ ಪ್ಲಗ್ ಯುಪಿಎಸ್‌ಗೆ ಹೋಗಿತ್ತು. ಅವನೇ ಹಾಕಿದ್ದು. "ಅಯ್ಯೋ, ನಾನೇ ಕಣಣ್ಣ" ಎಂದ. ಅಷ್ಟು ಒಪ್ಪಿಕೊಂಡದ್ದೇ ದೊಡ್ಡ ಮಾತು ಎಂದುಕೊಂಡೆವು.

ಲೇಸರ್ ಪ್ರಿಂಟರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಯಂತ್ರ, ಒಳಗೊಂದು ಇಸ್ತ್ರಿಪೆಟ್ಟಿಗೆ ಇದ್ದಂತೆ. ತಣ್ಣಗಿದ್ದದ್ದು ಬಿಸಿಯಾಗುವ ಆ ಮೊದಲ ಕ್ಷಣದಲ್ಲಿ ನೂರಾರು ವ್ಯಾಟ್ ಎಳೆಯುತ್ತದೆ. ಅಲ್ಲಿದ್ದದ್ದು 600 ವಿಎ ಯುಪಿಎಸ್. ಅದರ ಶಕ್ತಿ ಸುಮಾರು 360 ವ್ಯಾಟ್. ಹಗಲು ಗೋಡೆಯ ಕರೆಂಟ್ ಚೆನ್ನಾಗಿರುವಾಗ ಹೇಗೋ ನಡೆಯುತ್ತಿತ್ತು. ಸಂಜೆ ಎಲ್ಲರ ಮನೆ ದೀಪ, ಟಿವಿ, ಮಿಕ್ಸಿ ಶುರುವಾಗಿ ವೋಲ್ಟೇಜ್ ಬಿದ್ದಾಗ ಯುಪಿಎಸ್ ಬ್ಯಾಟರಿಗೆ ತಿರುಗಿಕೊಳ್ಳುವುದು. ಅದೇ ಗಳಿಗೆಗೆ ಪ್ರಿಂಟ್ ಕೊಟ್ಟರೆ ಭಾರ ತಡೆಯದೆ ಕಣ್ಣು ಮುಚ್ಚಿ ತೆರೆಯುವುದು. ಕಂಪ್ಯೂಟರಿಗೆ ಅಷ್ಟು ಸಾಕು. ಮೆಕ್ಯಾನಿಕ್ ಪ್ರತಿ ಸಲ ಬರುತ್ತಿದ್ದದ್ದು ಬೆಳಿಗ್ಗೆ. ಆಗ ಎಲ್ಲ ಸರಿ.

ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟ್ 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ತಲುಪಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಕೊಟ್ಟಿತು. ಅಷ್ಟು ದೂರ ಅಂದೇ ಹೋದ ಕರೆಂಟು, ನೂರಿಪ್ಪತ್ತು ವರ್ಷ ಕಳೆದ ಮೇಲೂ ಸಂಜೆ ಆರಕ್ಕೆ ನಮ್ಮ ಬೀದಿಯ ಕೊನೆ ಮನೆಗೆ 230 ವೋಲ್ಟಾಗಿ ತಲುಪುವುದಿಲ್ಲ. ಪ್ರಿಂಟರ್ ತಪ್ಪೋ ಮೆಕ್ಯಾನಿಕ್ ತಪ್ಪೋ ಎನ್ನುವಾಗ ಇದನ್ನೂ ಲೆಕ್ಕಕ್ಕೆ ಇಡಬೇಕು.

ಪ್ರಿಂಟರಿನ ಪ್ಲಗ್ ಗೋಡೆಗೆ ಹೋಯಿತು. ಸುಸ್ತಾಗಿದ್ದ ಯುಪಿಎಸ್ ಬ್ಯಾಟರಿ ಬದಲಾಯಿತು. ಹೊಸ ಎಸ್‌ಎಂಪಿಎಸ್ ಉಳಿಸಿಕೊಂಡರು. ಅಂಗಡಿಯ ಹಿಂದಿನ ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಬಿಟ್ಟರು. ಎಸ್.ಪಿ. ರಸ್ತೆಯಿಂದ ಬಂದ ಬೋರ್ಡ್‌ನಲ್ಲಿ ಕೊನೆಗೂ ಯಾವ ದೋಷವೂ ಸಿಗಲಿಲ್ಲ. ಅದನ್ನು ವಾಪಸ್ ಕಳಿಸಲು ಮಾಲೀಕರು ಆಗಲೇ ಡಬ್ಬಿ ಹುಡುಕುತ್ತಿದ್ದರು.

ನಿಮ್ಮ ಕಡೆ ಇಂಥದ್ದೇ ಆದರೆ ಮೆಕ್ಯಾನಿಕ್‌ಗೆ ಎರಡು ಪ್ರಶ್ನೆ ಕೇಳಿ. ಹಳೇ ಬೋರ್ಡ್ ಯಾತಕ್ಕೆ ಸತ್ತಿತು? ಬೋರ್ಡ್ ಹಾಕುವಾಗ ಅದರ ಜೊತೆ ಇನ್ನೇನೇನು ಬದಲಾಯಿತು, ಯಾವ ವೈರು ಎಲ್ಲಿಗೆ ಹೋಯಿತು? ಡಬ್ಬ ಬಿಚ್ಚುವ ಮುಂಚೆ ಫೋನಿನಲ್ಲಿ ನಾಲ್ಕು ಫೋಟೊ ತೆಗೆದಿಟ್ಟುಕೊಂಡರೆ ಎರಡನೆಯದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ. ಸಂಜೆ ಕೆಡುವ ಯಂತ್ರವನ್ನು ಸಂಜೆಯೇ ತೋರಿಸಿ.

ಸೊಸೈಟಿ ಸಾಲದ ಯಜಮಾನರಿಗೆ ಪಹಣಿ ಸಿಕ್ಕಿದ್ದು ಕೊನೆಯ ದಿನದ ಹಿಂದಿನ ಸಂಜೆ. ಪ್ರಿಂಟರ್ ಗುರ್ ಎಂದಾಗ ಅಂಗಡಿಯಲ್ಲಿದ್ದವರೆಲ್ಲ ಸುಮ್ಮನಾಗಿ ಕಂಪ್ಯೂಟರಿನ ಕಡೆ ನೋಡಿದರು. ಅದು ಆರಲಿಲ್ಲ. ಅವರು ಕಾಗದ ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡು ಹೋದರು.

ಮೊನ್ನೆ ಆ ದಾರಿಯಲ್ಲಿ ಹೋದಾಗ, ಸಂಬಳದಲ್ಲಿ ಹಿಡಿದಿದ್ದ ಹಣ ವಾಪಸ್ ಕೊಟ್ಟರಾ ಎಂದು ಹುಡುಗಿಯನ್ನು ಕೇಳಿದೆವು. ಅರ್ಧ ಕೊಟ್ಟಿದ್ದಾರೆ ಎಂದಳು. ನೋಟ್‌ಬುಕ್ ತೆಗೆದು ಕೊನೆಯ ಪುಟ ತೋರಿಸಿದಳು. ಎಷ್ಟು ಬಂತು, ಎಷ್ಟು ಬಾಕಿ, ಯಾವ ತಾರೀಖು ಎಂದು ಅದನ್ನೂ ಬರೆದಿಟ್ಟಿದ್ದಾಳೆ.